ಬಾಣಂತಿಯ ಲೆಕ್ಕದ ಪುಸ್ತಕ



ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿದವನು ನಾನು. ಆದರೂ ನನ್ನ ಸೊಸೆ ಬರೆದಿಟ್ಟ ಒಂದು ಲೆಕ್ಕ ಅರ್ಥವಾಗಲು ತಡವಾಯಿತು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಕುಂದಾಪುರದಲ್ಲಿ ಅವಳ ತಾಯಿಗೆ ಆರೋಗ್ಯ ಸರಿಯಿರಲಿಲ್ಲ. ಹಾಗಾಗಿ ಬಾಣಂತನ ಡೊಂಬಿವಲಿಯ ನಮ್ಮ ಮನೆಯಲ್ಲೇ ಆಯಿತು. ಮಗು ಎಷ್ಟು ಹೊತ್ತಿಗೆ ಹಾಲು ಕುಡಿಯಿತು, ಎಷ್ಟು ಸಲ ಅತ್ತಿತು ಎಂದು ಅವಳು ಹಗಲು ರಾತ್ರಿ ಬರೆಯುತ್ತಿದ್ದಳು. 'ಎಂಥ ಶಿಸ್ತು!' ಎಂದು ನಾನು ಮೆಚ್ಚಿದೆ. ಅದು ಶಿಸ್ತಲ್ಲ, ಭಯ. ಹುಟ್ಟಿದಾಗ 3 ಕಿಲೋ ಇದ್ದ ಮಗು ಐದನೇ ದಿನ 2.8 ಕಿಲೋಗೆ ಇಳಿದಿತ್ತು. ಊರಿನಿಂದ ಫೋನಿನಲ್ಲಿ ಒಂದು ಸಲಹೆ, ಮೊಬೈಲ್ ವಿಡಿಯೊದಲ್ಲಿ ಇನ್ನೊಂದು, ನಮ್ಮಿಂದ ಮತ್ತೊಂದು. "ಮಾವ, ನನ್ನಿಂದ ಆಗುತ್ತಿಲ್ಲ" ಎಂದು ಅತ್ತುಬಿಟ್ಟಳು.

ಮಕ್ಕಳ ವೈದ್ಯರು ಸಮಾಧಾನವಾಗಿ ವಿವರಿಸಿದರು. ಮೊದಲ ಕೆಲವು ದಿನ ಶೇ. 7ರಷ್ಟು ತೂಕ ಇಳಿಯುವುದು ಸಹಜ. ಶೇ. 10 ದಾಟಿದರೆ ಮಾತ್ರ ತಕ್ಷಣ ತೋರಿಸಬೇಕು. ಸಾಮಾನ್ಯವಾಗಿ ಎರಡು ವಾರದೊಳಗೆ ತೂಕ ಮರಳುತ್ತದೆ. ಐದನೇ ದಿನದ ನಂತರ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದರ್ಥ. ಆರು ತಿಂಗಳವರೆಗೆ ತಾಯಿಹಾಲು ಮಾತ್ರ ಸಾಕು, ನೀರೂ ಬೇಡ.

ಇಷ್ಟು ತಿಳಿದ ಮೇಲೆ ಅವಳಿಗೆ ಧೈರ್ಯ ಬಂತು. ಆದರೆ ಅಳು ನಿಲ್ಲಲಿಲ್ಲ. ಹೆರಿಗೆಯಾದ ಮೊದಲ ದಿನಗಳ ಅಳು, ಬೇಸರ ಬಹಳ ತಾಯಂದಿರಿಗೆ ಇರುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಅದಕ್ಕೂ ಮೀರಿ ಉಳಿದರೆ ಖಿನ್ನತೆ ಇರಬಹುದು. ಅದನ್ನು ಗುರುತಿಸಲು 1987ರಲ್ಲಿ ರೂಪಿಸಿದ 'ಎಡಿನ್‌ಬರೋ' ಪ್ರಶ್ನಾವಳಿ ಇದೆ. ಹತ್ತೇ ಪ್ರಶ್ನೆ, ಕೆಲವೇ ನಿಮಿಷ. ಸೊಸೆಗೆ ಅದರಿಂದಲೇ ಗೊತ್ತಾಯಿತು. ಆಪ್ತ ಸಮಾಲೋಚನೆ, ರಾತ್ರಿ ಒಂದು ಪಾಳಿ ಮಗನದು, ಬೆಳಗಿನ ಪಾಳಿ ನಮ್ಮಿಬ್ಬರದು. ಮೂರು ತಿಂಗಳಲ್ಲಿ ಚೇತರಿಸಿಕೊಂಡಳು. ತನಗೋ ಮಗುವಿಗೋ ಅಪಾಯ ಮಾಡುವ ಯೋಚನೆ ಬರುತ್ತಿದೆ ಎಂದು ತಾಯಿ ಹೇಳಿದರೆ ಮಾತ್ರ ಒಂದು ಗಳಿಗೆಯೂ ಕಾಯದೆ, ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ.

ನಮ್ಮ ವೈದ್ಯಕೀಯ ನೆರವು ನಿಧಿಗೆ ಹೃದಯ, ಮೂತ್ರಪಿಂಡದ ಅರ್ಜಿಗಳು ಬರುತ್ತವೆ. ಬಾಣಂತಿಯ ಮನಸ್ಸಿಗಾಗಿ ಅರ್ಜಿ ಬಂದದ್ದನ್ನು ನಾನು ಕಂಡಿಲ್ಲ. ಕಷ್ಟ ಇಲ್ಲವೆಂದಲ್ಲ, ಕೇಳಲು ಸಂಕೋಚ. ಸಮಾಲೋಚಕರ ಶುಲ್ಕ ಕೊಡಲಾಗದ ಮನೆಗಳು ನಮ್ಮಲ್ಲೇ ಇವೆ. ಈ ಬಾರಿಯ ನಿಮ್ಮ ದೇಣಿಗೆಯಲ್ಲಿ ಅವರಿಗೂ ಒಂದು ಪಾಲಿರಲಿ. ನೆರೆಯಲ್ಲಿ ಬಾಣಂತಿ ಇದ್ದರೆ, ಮಗುವನ್ನು ನೋಡಿ ಬರುವಾಗ "ನೀನು ಹೇಗಿದ್ದೀಯಮ್ಮಾ?" ಎಂದೂ ಕೇಳಿ ಬನ್ನಿ.