ಮಾರುವ ಮನೆಗೂ ಒಂದು ಮರ್ಯಾದೆಯುಂಟು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ‘ಮನೆ ಮಾರಿ ನೋಡು’ ಎಂಬ ಮಾತನ್ನು ಅದಕ್ಕೆ ಸೇರಿಸಲಿಲ್ಲ. ಹುಟ್ಟಿ ಬೆಳೆದ ಮನೆಯನ್ನು ಮಾರುವುದು ಅವರ ಕಲ್ಪನೆಗೆ ಎಟುಕದ ಸಂಗತಿಯಾಗಿತ್ತೋ ಏನೋ. ಇಂದು ತುಳುನಾಡಿನ ಹಳ್ಳಿಗಳಲ್ಲಿ ಅದು ಅಪರೂಪವಲ್ಲ. ಮಕ್ಕಳು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ನೆಲೆಸುತ್ತಾರೆ. ಊರಿನಲ್ಲಿ ಉಳಿದ ಒಂದೆರಡು ಹಿರಿಯ ಜೀವಗಳೂ ಇಲ್ಲವಾದ ಮೇಲೆ ಬಾಗಿಲಿಗೆ ಬೀಗ ಬೀಳುತ್ತದೆ. ಬೀಗ ಬಿದ್ದ ಹಂಚಿನ ಮನೆ ನಾಲ್ಕಾರು ಮಳೆಗಾಲಗಳನ್ನು ತಾಳಿಕೊಳ್ಳುವುದು ಕಷ್ಟ. ಬೀಳಲು ಬಿಡುವುದಕ್ಕಿಂತ, ಬಾಳಿಸುವವರ ಕೈಗೆ ಒಪ್ಪಿಸುವುದು ಮೇಲಲ್ಲವೆ?

ಆದರೆ ಒಪ್ಪಿಸುವ ಮುನ್ನ ಮನೆಯನ್ನು ಅಣಿಗೊಳಿಸಬೇಕು. ಅಣಿಗೊಳಿಸುವುದೆಂದರೆ ಬಣ್ಣ ಬಳಿದು ಕಣ್ಕಟ್ಟು ಮಾಡುವುದಲ್ಲ. ಬಂಟ್ವಾಳ ತಾಲೂಕಿನಲ್ಲಿ, ಫಲ್ಗುಣಿಯ ದಡದಲ್ಲಿರುವ ಪೊಳಲಿಯ ಜನರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅಲ್ಲಿನ ಶ್ರೀ ರಾಜರಾಜೇಶ್ವರಿಯ ಭವ್ಯಮೂರ್ತಿಯೇ ಮೃಣ್ಮಯವಾದುದು. ಕಾಲಕಾಲಕ್ಕೆ ನಡೆಯುವ ಲೇಪಾಷ್ಟಗಂಧದಿಂದ ಆ ಮೂರ್ತಿ ತಲೆಮಾರುಗಳನ್ನು ದಾಟಿ ಬಂದಿದೆ. ಮಣ್ಣು ಬಾಳುವುದು ಆರೈಕೆಯಿಂದಲೇ ಹೊರತು ಅಲಂಕಾರದಿಂದಲ್ಲ.

ಮಾಡಿನಿಂದ ಆರಂಭ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಮನೆಯ ಆಯುಸ್ಸು ಅದರ ಮಾಡಿನಲ್ಲಿದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಂಚಿಗೆ ಎಡೆಗೊಟ್ಟವು. ಇಂದು ಮಾರಾಟಕ್ಕೆ ಬರುವ ಹಳೆಯ ಮನೆಗಳ ಮೇಲೆ ಇರುವುದು ಬಹುತೇಕ ಅಂಥ ಹಂಚೇ. ಹಂಚು ಸುಲಭದಲ್ಲಿ ಕೆಡದು. ಒಡೆದ ಹಂಚೊಂದರ ಸಂದಿನಿಂದ ಇಳಿದ ನೀರು ಮಾತ್ರ ರೀಪು, ಪಕ್ಕಾಸುಗಳನ್ನು ಕೊಳೆಯಿಸಿ, ಗೆದ್ದಲಿಗೆ ದಾರಿ ಮಾಡಿಕೊಡುತ್ತದೆ. ಆದುದರಿಂದ ಮೊದಲ ಖರ್ಚು ಮಾಡಿಗೆ ಸಲ್ಲಬೇಕು. ಒಡೆದ ಹಂಚನ್ನು ಬದಲಿಸಿ, ಮೇಲೆ ಶೇಖರವಾದ ತರಗೆಲೆಯನ್ನು ತೆಗೆಸಿ, ಹುಳುಕು ಹಿಡಿದ ಪಕ್ಕಾಸನ್ನು ಮರದ ಕೆಲಸದವರಿಗೆ ತೋರಿಸಬೇಕು.

ಗೋಡೆಯ ಸರದಿ ಅನಂತರದ್ದು. ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ತೇವವನ್ನು ಹೀರಿ, ಬೇಸಗೆಯಲ್ಲಿ ಹೊರಬಿಡುತ್ತದೆ. ಅದರ ಮೇಲೆ ಗಾಳಿಯಾಡದ ದಪ್ಪ ಬಣ್ಣ ಬಳಿದರೆ ಒಳಗಿನ ತೇವ ಗುಳ್ಳೆಗಳಾಗಿ ಎದ್ದು ಬರುತ್ತದೆ. ಕೊಳ್ಳುವವನ ಕಣ್ಣಿಗೆ ಮೊದಲು ಬೀಳುವುದೂ ಆ ಗುಳ್ಳೆಗಳೇ. ದೀಪಾವಳಿಯ ಬಳಿಕ, ಗೋಡೆ ಆರಿದ ಮೇಲೆ, ಸುಣ್ಣ ಬಳಿಸುವ ಹಿಂದಿನ ರೂಢಿಗೆ ಸಮನಾದುದು ಇಲ್ಲ. ಚಾವಡಿಯ ಹಲಸಿನ ಕಂಬಗಳಿಗೆ ಪೆಯಿಂಟು ಬೇಡ. ಧೂಳೊರೆಸಿ ಎಣ್ಣೆಯ ಕೈ ಸವರಿದರೆ ಸಾಕು. ಇಂಥ ಕಂಬ, ಬಾಗಿಲುಗಳ ಬೆಲೆಯನ್ನು ಅರಿಯದೆ ಬಿಡಿಬಿಡಿಯಾಗಿ ಮಾರಿದವರೆಷ್ಟೋ! 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಅಳಿವಿನಂಚಿನ ಹಳೆಯ ಮನೆಗಳನ್ನು ಕಳಚಿ ತಂದು ಮರಳಿ ನಿಲ್ಲಿಸಿದುದನ್ನು ಕಂಡವರು ಆ ಬೆಲೆಯನ್ನು ಬಲ್ಲರು.

ಬಾವಿಯ ಸಾಕ್ಷ್ಯ

ಪೊಳಲಿಯ ಚೆಂಡಿನ ಉತ್ಸವದ ಕಾಲಕ್ಕೆ ದೂರದ ನೆಂಟರಿಷ್ಟರು ಊರಿಗೆ ಬರುತ್ತಾರೆ. ಹೋಗುವಾಗ ಬಚ್ಚಂಗಾಯಿ ಕೊಂಡು ಹೋಗುತ್ತಾರೆ. ಮನೆಯನ್ನು ತೋರಿಸಲು ಇದು ಅನುಕೂಲದ ಸಮಯ. ಅಂಗಳ ಒಣಗಿರುತ್ತದೆ, ಹಕ್ಕುದಾರರೂ ಒಂದೆಡೆ ದೊರೆಯುತ್ತಾರೆ. ಆದರೆ ಜಾಣನಾದ ಗಿರಾಕಿ ಇಷ್ಟರಿಂದ ತೃಪ್ತನಾಗಲಾರ. ಪತ್ತನಾಜೆಯವರೆಗೆ ಬಾವಿಯಲ್ಲಿ ನೀರು ನಿಲ್ಲುವುದೇ? ಆಟಿಯ ಮಳೆಗೆ ಹೊಳೆಯ ನೀರು ಎಲ್ಲಿಯವರೆಗೆ ಏರುವುದು? ಇವೆರಡು ಅವನು ಕೇಳಲೇಬೇಕಾದ ಪ್ರಶ್ನೆಗಳು. ನೇತ್ರಾವತಿಯ 1923ರ ಮತ್ತು 1974ರ ನೆರೆಗಳನ್ನು ಬಂಟ್ವಾಳ ಮರೆತಿಲ್ಲ. ಹೊಳೆಯ ಬದಿಯವರಿಗೆ ಇದು ಕುತೂಹಲದ ಪ್ರಶ್ನೆಯಲ್ಲ.

ಇಲ್ಲಿ ನಿಜವನ್ನೇ ನುಡಿಯುವುದು ಧರ್ಮವಷ್ಟೇ ಅಲ್ಲ, ಕಾನೂನು ಕೂಡ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನಂತೆ, ಮಾರುವವನಿಗೆ ತಿಳಿದಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ ಮುಖ್ಯ ದೋಷವನ್ನು ಮಾರುವವನೇ ತಿಳಿಸಬೇಕು. ದೋಷ ಸ್ವತ್ತಿನದಾದರೂ ಸರಿ, ಹಕ್ಕಿನದಾದರೂ ಸರಿ.

ಕಾಗದದ ಮನೆ

ಕಲ್ಲಿನ ಮನೆಯೊಡನೆ ಕಾಗದದ ಮನೆಯೂ ಒಂದುಂಟು. ವ್ಯಾಪಾರಗಳು ಹೆಚ್ಚಾಗಿ ಮುರಿಯುವುದು ಅಲ್ಲಿಯೇ. ಆರ್‌ಟಿಸಿ, ಋಣಭಾರ ಪತ್ರ, ಕಟ್ಟಿದ ತೆರಿಗೆಯ ರಶೀದಿ, ‘ನೈನ್ ಇಲೆವೆನ್’ ಎಂದು ಜನ ಕರೆಯುವ ಗ್ರಾಮ ಪಂಚಾಯತಿಯ ಪತ್ರಗಳು, ಇವೆಲ್ಲ ಗಿರಾಕಿ ಬರುವ ಮೊದಲೇ ಕೈಯಲ್ಲಿರಬೇಕು. ಭೂಸುಧಾರಣೆಯಲ್ಲಿ, ಊರವರ ಮಾತಿನಲ್ಲಿ ‘ಡಿಕ್ಲರೇಶನ್’ನಲ್ಲಿ, ದೊರೆತ ಜಾಗವಾದರೆ ಭೂನ್ಯಾಯ ಮಂಡಳಿಯ ಆದೇಶವೂ ಬೇಕು.

ಅಳಿಯಸಂತಾನದ ಕುಟುಂಬಗಳಲ್ಲಿ ಹಕ್ಕಿನ ಎಳೆಗಳು ಇನ್ನೂ ಸೂಕ್ಷ್ಮ. 1949ರ ಮದರಾಸು ಅಳಿಯಸಂತಾನ ಕಾಯಿದೆ ಪಾಲು ಕೇಳುವ ಹಕ್ಕನ್ನು ನೀಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮುಂದಿನ ವಾರಸಿಕೆಯ ರೀತಿಯನ್ನು ಬದಲಿಸಿತು. ಇತರ ಕುಟುಂಬಗಳ ಪಿತ್ರಾರ್ಜಿತದಲ್ಲಿ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನವಾದ ಹಕ್ಕನ್ನು ಕೊಟ್ಟಿದೆ. ‘ಅಕ್ಕ ಏನೂ ಹೇಳುವವಳಲ್ಲ’ ಎಂಬ ಭರವಸೆಯಿಂದ ಮುಂಗಡ ಪಡೆಯುವುದು ಅಪಾಯ. ಅಕ್ಕನ ಸಹಿ ಬೇಕು. ಅದಕ್ಕಿಂತ ಮೊದಲು ಅವಳ ಮನಸ್ಸು ಬೇಕು.

ಮತ್ತೊಂದು ಎಚ್ಚರ ಕುಮ್ಕಿಯ ಬಗ್ಗೆ. ವರ್ಗದ ಜಾಗಕ್ಕೆ ತಾಗಿದ ಕುಮ್ಕಿ ಸರಕಾರದ ಭೂಮಿ. ಸೊಪ್ಪು, ಸೌದೆ, ಮೇವುಗಳ ಸೌಲಭ್ಯ ಮಾತ್ರ ವರ್ಗದಾರನದು. ಗುಡ್ಡದವರೆಗೆ ಬೆರಳು ತೋರಿಸಿ ‘ಎಲ್ಲವೂ ನಮ್ಮದೇ’ ಎನ್ನುವವರು ಇಲ್ಲದ ಒಡೆತನವನ್ನು ಮಾರುತ್ತಾರೆ.

ಬನದ ಹಾದಿ

ಕೊನೆಯದಾಗಿ, ಬೆಲೆ ಕಟ್ಟಲಾಗದ ಒಂದು ವಿಷಯ. ಹಿತ್ತಿಲ ನಾಗಬನವನ್ನೂ ಚಾವಡಿಯ ದೈವದ ಮಂಚವನ್ನೂ ಏನು ಮಾಡುವುದು? ಮನೆ ಬಿಟ್ಟು ಹೋದವರೂ ನಾಗರ ಪಂಚಮಿಗೆ ತನು ಎರೆಯಲು ಮೂಲದ ಬನಕ್ಕೇ ಮರಳುತ್ತಾರೆ. ಕೊಳ್ಳುವವನಿಗೆ ತಂಬಿಲದ ಹೊಣೆ ತನ್ನ ತಲೆಗೆ ಬಂದೀತೆಂಬ ಅಂಜಿಕೆ. ಮಾರುವವನಿಗೆ ಬನದ ಹಾದಿ ಮುಚ್ಚಿಹೋದೀತೆಂಬ ಅಳುಕು. ಇದನ್ನು ಬಾಯಿಮಾತಿಗೆ ಬಿಡುವುದು ಸಲ್ಲದು. ಬನದ ಜಾಗವನ್ನು ಅಳೆಯಿಸಿ ಪ್ರತ್ಯೇಕಿಸಿ, ಅಲ್ಲಿಗೆ ಹೋಗಿಬರುವ ದಾರಿಯ ಹಕ್ಕನ್ನು ಕ್ರಯಪತ್ರದಲ್ಲಿಯೇ ಬರೆಯಿಸಿಕೊಂಡರೆ ಎರಡೂ ಕಡೆಯವರ ಮನಸ್ಸು ಹಗುರವಾಗುತ್ತದೆ. ದೈವವನ್ನು ಬೇರೆಡೆ ನೆಲೆಗೊಳಿಸುವುದಾದರೆ ಕುಟುಂಬದವರೆಲ್ಲ ಕೂಡಿ, ಬಲ್ಲವರನ್ನು ಕೇಳಿ, ಮಾರಾಟಕ್ಕೆ ಮೊದಲೇ ಆ ಕಾರ್ಯವನ್ನು ಪೂರೈಸಬೇಕು.

ಇಷ್ಟೆಲ್ಲ ಸಿದ್ಧತೆ ನಡೆಸಿದ ಮನೆಗೆ ಗಿರಾಕಿಗಳು ಮುಗಿಬೀಳುವರೆಂದು ಹೇಳಲಾಗದು. ಆದರೆ ಬಂದವನು ಚೌಕಾಸಿ ಮಾಡಲು ತಪ್ಪು ಹುಡುಕಬೇಕಾದೀತು; ತಪ್ಪುಗಳು ತಾವಾಗಿ ಅವನನ್ನು ಅರಸಿ ಬರಲಾರವು. ಬಂಟ್ವಾಳದ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಹೊರಬರುವಾಗ ಮಾರಿದವನ ಕಣ್ಣು ತೇವಗೊಂಡರೆ ಅದು ಸಹಜ. ಮುಂದೊಂದು ದಿನ ಪಂಚಮಿಗೆ ಬಂದಾಗ, ಅದೇ ಅಂಗಳದಲ್ಲಿ ಹೊಸ ಯಜಮಾನನ ಮುಖವನ್ನು ನೇರವಾಗಿ ನೋಡಿ ಕ್ಷೇಮ ವಿಚಾರಿಸುವ ಧೈರ್ಯ ಅವನಿಗಿರಬೇಕು. ಒಳ್ಳೆಯ ವ್ಯಾಪಾರವೆಂದರೆ ಅದೇ.