ಅಕ್ಕ ದಾಟಬಹುದು, ತಮ್ಮ ದಾಟುವಂತಿಲ್ಲ
ಅಮೆರಿಕದ ಡೆಟ್ರಾಯಿಟ್‌ನಲ್ಲಿ ಅಕ್ಕ, ನದಿಯಾಚೆ ಕೆನಡಾದ ವಿಂಡ್ಸರ್‌ನಲ್ಲಿ ತಮ್ಮ ಅಂದುಕೊಳ್ಳಿ. ಇಬ್ಬರೂ ಕಾಯಂ ನಿವಾಸಿಗಳು, ಇಬ್ಬರದೂ ಭಾರತದ ಪಾಸ್‌ಪೋರ್ಟ್. ಗ್ರೀನ್ ಕಾರ್ಡ್ ಇರುವ ಅಕ್ಕನಿಗೆ ಕೆನಡಾ ವೀಸಾ ಬೇಡ. 2022ರ ಏಪ್ರಿಲ್ 26ರಿಂದ ವಿಮಾನದಲ್ಲಿ ಹೋಗೋಕೆ ಇಟಿಎ ಅನ್ನೋ ಆನ್‌ಲೈನ್ ಅನುಮತಿಯೂ ಬೇಡ. ಅವಧಿ ಮುಗಿಯದ ಪಾಸ್‌ಪೋರ್ಟ್, ಕಾರ್ಡ್ ಎರಡೂ ಕೈಯಲ್ಲಿರಬೇಕು, ಅಷ್ಟೇ. (ಎಚ್-1ಬಿಯವರು ಇದನ್ನೋದಿ ಹೊರಟುಬಿಡಬೇಡಿ, ನಿಮಗೆ ವೀಸಾ ಬೇಕೇ ಬೇಕು.)

ಕೆನಡಾ ಪಿಆರ್ ಇರುವ ತಮ್ಮ ಮಾತ್ರ ಅಮೆರಿಕದ ವೀಸಾ ಮಾಡಿಸಲೇಬೇಕು. ಮೊದಲು ಹೀಗಿರಲಿಲ್ಲ. ಕೆನಡಾದಲ್ಲಿ ನೆಲೆಸಿದ ಕಾಮನ್‌ವೆಲ್ತ್ ದೇಶಗಳವರಿಗಿದ್ದ ವಿನಾಯಿತಿಯನ್ನು, 9/11 ದಾಳಿಯ ನಂತರ, 2003ರಲ್ಲಿ ಅಮೆರಿಕ ಕಿತ್ತುಹಾಕಿತು. ನೆರೆಯವರು ಮಾಡಿದ ತಪಾಸಣೆಯನ್ನು ಕೆನಡಾ ನಂಬುತ್ತೆ, ಅಮೆರಿಕ ನಂಬಲ್ಲ. ನನಗೆ ಕಾಣೋ ವ್ಯತ್ಯಾಸ ಇದೊಂದೇ. ವೀಸಾ ಕೈಗೆ ಬರೋವರೆಗೆ ಯುಗಾದಿ ಊಟ ವಿಂಡ್ಸರ್‌ನಲ್ಲೇ ಇಟ್ಟುಕೊಳ್ಳಿ.