‘ಹಾಲ ಬಂದಿಲ್ಲ’ ಎಂಬ ಚಿಂತೆ: ಅಳು ಅಲ್ಲ, ಒದ್ದೆ ಬಟ್ಟೆ ಎಣಿಸಿ

ಅಕ್ಕಲಕೋಟ: ಹೆರಿಗೆಯಾದ ಎರಡನೇ ದಿನದ ರಾತ್ರಿ. ಕೂಸು ಒಂದೇ ಸಮ ಅಳುತ್ತದೆ. ಎದೆಗೆ ಹಚ್ಚಿದರೆ ನಾಲ್ಕು ಸಲ ಚೀಪಿ ಮತ್ತೆ ಅಳು. ‘ಹಾಲ ಬಂದಿಲ್ಲ ನೋಡ್ರಿ, ಕೂಸಿನ ಹೊಟ್ಟಿ ತುಂಬವಲ್ದು’ ಎಂದು ಅಜ್ಜಿಯ ತಳಮಳ. ‘ಮೆಡಿಕಲ್‌ನಾಗ ಪುಡಿ ಡಬ್ಬಿ ಸಿಗ್ತದ, ತರ್ಲೇನು?’ ಎಂದು ಮಾವ ಎದ್ದು ನಿಲ್ಲುತ್ತಾನೆ. ಒಬ್ಬರು ಬೆಲ್ಲದ ನೀರು ಕಾಯಿಸಿದರೆ ಇನ್ನೊಬ್ಬರು ಜೇನುತುಪ್ಪ ಹುಡುಕುತ್ತಾರೆ. ಬಾಣಂತಿ ಮಾತ್ರ ಗೋಡೆ ಕಡೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಾಳೆ.

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳ ಕನ್ನಡ ಮನೆಗಳಲ್ಲಿ ಇದು ಹೊಸ ದೃಶ್ಯವೇನಲ್ಲ. ಹೆರಿಗೆ ಈಗ ಬಹುತೇಕ ಆಸ್ಪತ್ರೆಯಲ್ಲೇ ಆಗುತ್ತದೆ. ಆದರೆ ಕೂಸಿನ ಬಾಯಿಗೆ ಮೊದಲು ಏನು ಬೀಳಬೇಕು ಎಂಬ ತೀರ್ಮಾನ ಇನ್ನೂ ಮನೆ ಹಿರಿಯರದ್ದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದನ್ನೇ ಹೇಳುತ್ತದೆ. ದೇಶದಲ್ಲಿ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಾದರೂ, ಹುಟ್ಟಿದ ಒಂದು ತಾಸಿನೊಳಗೆ ತಾಯಿ ಹಾಲು ಕುಡಿದ ಮಕ್ಕಳು ಶೇ 41.8 ಮಾತ್ರ.

ಚೀಕ ಅಂದರೆ ಗಿಣ್ಣ

ಗಡಿಭಾಗದಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರಿಕೊಂಡಿದೆ. ಇಂಡಿ, ಚಡಚಣ, ಅಫಜಲಪುರ, ಆಳಂದ ಕಡೆಗೆ ಕೊಟ್ಟ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾರೆ. ಕೈಯಲ್ಲಿ ಕರ್ನಾಟಕದ ಕನ್ನಡ ‘ತಾಯಿ ಕಾರ್ಡ್’. ಇಲ್ಲಿನ ದವಾಖಾನೆಯಲ್ಲಿ ಮಾತು, ಕಾಗದ ಎಲ್ಲ ಮರಾಠಿ. ‘ಚೀಕ ದೂಧ ಫೇಕೂ ನಕಾ, ಅಂಗಾವರ ಪಾಜಾ, ವರಚಂ ದೂಧ ದೇಊ ನಕಾ’ ಎಂಬ ಸಲಹೆಗೆ ಆಕೆ ತಲೆಯಾಡಿಸುತ್ತಾಳೆ. ಮನೆಗೆ ಬಂದ ಮೇಲೆ ಅಜ್ಜಿ ‘ಏನಂದ್ರು?’ ಎಂದು ಕೇಳಿದರೆ ಬಿಡಿಸಿ ಹೇಳಲು ಬರುವುದಿಲ್ಲ.

ಅರ್ಥ ಬಹಳ ಸರಳ. ಚೀಕ ಅಂದರೆ ಗಿಣ್ಣ. ‘ಅಂಗಾವರ ಪಾಜಾ’ ಅಂದರೆ ಎದೆಹಾಲು ಕುಡಿಸಿ. ‘ವರಚಂ ದೂಧ’ ಅಂದರೆ ಮೇಲಿನ ಹಾಲು, ಅಂದರೆ ಆಕಳ, ಎಮ್ಮೆ, ಪುಡಿ ಹಾಲು. ಒಟ್ಟಿನಲ್ಲಿ, ಗಿಣ್ಣ ಚೆಲ್ಲಬ್ಯಾಡ್ರಿ, ಎದಿಹಾಲ ಕುಡಸ್ರಿ, ಮ್ಯಾಲಿನ ಹಾಲ ಬ್ಯಾಡ.

ಎಮ್ಮೆ ಈದಾಗ ಕರುವಿಗೆ ಗಿಣ್ಣದ ಹಾಲು ತಪ್ಪಿದರೆ ಅದು ಗಟ್ಟಿಯಾಗಿ ಬೆಳೆಯುವುದಿಲ್ಲ ಎಂಬುದು ಇಲ್ಲಿನ ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ. ಉಳಿದ ಹಾಲಿನಲ್ಲಿ ಗಿಣ್ಣ ಕಾಸಿ ನೆರೆಮನೆಗೂ ಕೊಡುತ್ತಾರೆ, ಮರಾಠಿ ಮನೆಗಳಲ್ಲಿ ಅದೇ ಖರವಸ. ಆದರೆ ಸೊಸೆಯ ಎದೆಯಲ್ಲಿ ಬಂದ ಹಳದಿ, ಅಂಟಂಟು ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ. ರೋಗ ತಡೆಯುವ ಅಂಶ ಮತ್ತು ‘ಎ’ ಜೀವಸತ್ವ ಹೆಚ್ಚಾಗಿ ಇರುವುದೇ ಆ ಹಾಲಿನಲ್ಲಿ. ಕೂಸಿನ ಕರುಳಿನಲ್ಲಿರುವ ಕಪ್ಪು ಮಲ ಹೊರಹೋಗಲೂ ಅದು ನೆರವಾಗುತ್ತದೆ.

ಚಮಚದಷ್ಟೇ ಸಾಕು

‘ಹಾಲು ಬಂದಿಲ್ಲ’ ಎಂಬ ಮಾತು ಮೊದಲೆರಡು ದಿನ ಹೆಚ್ಚಾಗಿ ನಿಜವಲ್ಲ. ಮೊದಲ ದಿನ ಕೂಸಿಗೆ ಬೇಕಾಗುವುದು ಒಂದು ಸಲಕ್ಕೆ ಸಣ್ಣ ಚಮಚದಷ್ಟು ಹಾಲು. ಗಿಣ್ಣ ಬರುವುದೂ ಅಷ್ಟೇ. ಎದೆ ತುಂಬಿ ಬಿಗಿಯಾಗಿ ಬಿಳಿ ಹಾಲು ಇಳಿಯುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ಚೊಚ್ಚಲ ಹೆರಿಗೆ ಅಥವಾ ಸಿಝೇರಿಯನ್ ಆಗಿದ್ದರೆ ಇನ್ನೊಂದಿಷ್ಟು ತಡವಾಗಬಹುದು.

ಕೂಸು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಅದಕ್ಕೇ ಹಗಲು ರಾತ್ರಿ ಸೇರಿ 8ರಿಂದ 12 ಸಲ ಎದೆಗೆ ಹಚ್ಚಬೇಕು. ಎರಡನೇ ರಾತ್ರಿ ಬಹಳ ಕೂಸುಗಳು ಮೇಲಿಂದ ಮೇಲೆ ಎದೆ ಕೇಳುತ್ತವೆ. ಅದು ಹಾಲು ಇಳಿಸಿಕೊಳ್ಳುವ ಕೂಸಿನದೇ ರೀತಿ. ಅದೇ ಹೊತ್ತಿಗೆ ಬೆಲ್ಲದ ನೀರೋ ಪುಡಿ ಹಾಲೋ ಕುಡಿಸಿದರೆ ಕೂಸು ಮಲಗುತ್ತದೆ, ಚೀಪುವುದು ಕಡಿಮೆಯಾಗುತ್ತದೆ, ಹಾಲು ನಿಜಕ್ಕೂ ಹಿಂದೆ ಬೀಳುತ್ತದೆ. ಸುಳ್ಳು ಭಯ ಹೀಗೆ ಖರೆ ಆಗುತ್ತದೆ.

ಹಿಡಿಯುವ ರೀತಿಯೂ ಮುಖ್ಯ. ಕೂಸು ಬಾಯಿ ಅಗಲ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಸೇರಿಸಿ ಹಿಡಿಯಬೇಕು. ಗದ್ದ ಎದೆಗೆ ತಾಗಿರಬೇಕು. ಬರೀ ತೊಟ್ಟು ಚೀಪಿದರೆ ತಾಯಿಗೆ ನೋವು, ಬಿರುಕು. ಕೂಸಿಗೆ ಹಾಲೂ ಇಲ್ಲ. ನೋವಾದರೆ ಕಿರುಬೆರಳಿನಿಂದ ಬಾಯಿ ಬಿಡಿಸಿ ಮತ್ತೆ ಹಚ್ಚಬೇಕು.

ಜೇನು, ಘುಟ್ಟಿ ಬೇಡ

ಜೇನುತುಪ್ಪ ನೆಕ್ಕಿಸುವುದು, ಬಜೆ, ಅಳಲೆಕಾಯಿ, ಮಾಚಿಕಾಯಿ ತೇಯ್ದು ಘುಟ್ಟಿ ಹಾಕುವುದು ಎರಡೂ ಭಾಷೆಯ ಮನೆಗಳ ಹಳೆಯ ರೂಢಿ. ಪ್ರೀತಿಯಿಂದ ಮಾಡುವ ಕೆಲಸವೇ. ಆದರೆ ಜೇನಿನಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕೂಸಿನ ಕರುಳಿನಲ್ಲಿ ವಿಷ ಹುಟ್ಟಿಸಿ ಕೈಕಾಲಿನ ಶಕ್ತಿ, ಉಸಿರಾಟವನ್ನೇ ಕುಂದಿಸಬಹುದು. ಹೀಗಾಗಿ ಒಂದು ವರ್ಷದವರೆಗೆ ಜೇನು ಬೇಡ. ತೇಯುವ ಕಲ್ಲು, ನೀರು, ಬೆರಳಿನಿಂದ ಸೋಂಕು ತಗಲುವ ಭಯ ಘುಟ್ಟಿಗೂ ಇದೆ. ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರೂ ಬೇಕಿಲ್ಲ, ಬೇಸಿಗೆಯಲ್ಲೂ. ವೈದ್ಯರು ಬರೆದ ಔಷಧ, ಹನಿ ಇದಕ್ಕೆ ಹೊರತು.

ಅಜ್ಜಿಯರ ಕೈಗುಣಕ್ಕೆ ಬೇರೆ ಕೆಲಸ ಬಹಳವಿದೆ. ಅಳವಿ ಪಾಯಸ, ಸಬ್ಬಸಗಿ ಪಲ್ಯ, ಅಂಟಿನ ಉಂಡಿ ಬಾಣಂತಿಗೆ ಒಳ್ಳೆಯ ಆಹಾರ. ಆದರೆ ‘ಹೊಟ್ಟಿ ದೊಡ್ಡದಾಗ್ತದ’ ಎಂದು ನೀರು ಬಿಗಿ ಹಿಡಿಯುವುದು ತಪ್ಪು. ಬಾಯಾರಿದಾಗಲೆಲ್ಲ ನೀರು ಕೊಡಬೇಕು. ‘ನಿನಗ ಹಾಲಿಲ್ಲ’ ಎಂದು ಹತ್ತು ಜನ ಹತ್ತು ಸಲ ಅನ್ನುವ ಬದಲು ಆಕೆಗೆ ಎರಡು ತಾಸು ನಿದ್ದೆ ಮಾಡಲು ಬಿಟ್ಟರೆ ದೊಡ್ಡ ಉಪಕಾರ.

ಲೆಕ್ಕ ಇಡುವುದು ಹೀಗೆ

ಹೊಟ್ಟೆ ತುಂಬಿತೋ ಇಲ್ಲವೋ ಎಂದು ಅಳುವಿನಿಂದ ತಿಳಿಯುವುದಿಲ್ಲ. ಕೂಸು ಸೆಕೆಗೂ, ಚಳಿಗೂ, ಒದ್ದೆಗೂ ಅಳುತ್ತದೆ. ಒದ್ದೆ ಬಟ್ಟೆ ಎಣಿಸುವುದೇ ಸರಿಯಾದ ದಾರಿ. ಮೊದಲ ದಿನ ಒಂದು, ಎರಡನೇ ದಿನ ಎರಡು, ಮೂರನೇ ದಿನ ಮೂರು, ಐದನೇ ದಿನದ ನಂತರ ದಿನಕ್ಕೆ ಆರಕ್ಕಿಂತ ಕಡಿಮೆ ಇರಬಾರದು. ಕಪ್ಪು ಮಲ ನಾಲ್ಕೈದು ದಿನದಲ್ಲಿ ಹಳದಿಗೆ ತಿರುಗಬೇಕು.

ತೂಕ ಮೊದಲು ಸ್ವಲ್ಪ ಇಳಿಯುವುದು ಸಹಜ. 3 ಕೆ.ಜಿ. ಕೂಸು 200 ಗ್ರಾಂನಷ್ಟು ಇಳಿದರೆ ಗಾಬರಿ ಬೇಡ, 300 ಗ್ರಾಂ ದಾಟಿದರೆ ವೈದ್ಯರಿಗೆ ತೋರಿಸಬೇಕು. ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಿ ಬರಬೇಕು.

ಎಲ್ಲ ಚಿಂತೆಯೂ ಸುಳ್ಳಲ್ಲ ಎಂಬುದೂ ನೆನಪಿರಲಿ. 2.5 ಕೆ.ಜಿ.ಗಿಂತ ಕಡಿಮೆ ತೂಕದ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಚೀಪುವ ಶಕ್ತಿ ಸಾಲದೆ ಹೋಗಬಹುದು. ಆಗ ತಾಯಿಯ ಹಾಲನ್ನೇ ಹಿಂಡಿ ಸ್ವಚ್ಛ ವಾಟಗ-ಚಮಚದಿಂದ ಕುಡಿಸುವುದನ್ನು ದವಾಖಾನೆಯವರು ಹೇಳಿಕೊಡುತ್ತಾರೆ. ಕೆಲವು ಸಲ ವೈದ್ಯರೇ ಮೇಲಿನ ಹಾಲು ಬರೆದುಕೊಡುವುದೂ ಉಂಟು. ಅದರಲ್ಲಿ ತಾಯಿಯ ತಪ್ಪೇನಿಲ್ಲ. ಬಾಟಲಿ ಮಾತ್ರ ಬೇಡ.

ಆಶಾಗೆ ಹೆಸರು ಹೇಳಿ

2011ರಿಂದ ದೇಶದಲ್ಲಿ ಜಾರಿಗೆ ಬಂದ ಮನೆ ಆಧಾರಿತ ನವಜಾತ ಶಿಶು ಆರೈಕೆ ಯೋಜನೆಯಂತೆ, ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬಂದು ಕೂಸಿನ ತೂಕ, ಹಾಲು ಕುಡಿಯುವ ರೀತಿ ನೋಡಬೇಕು. ಆದರೆ ಗಡಿಯಾಚೆಯ ಗಂಡನ ಮನೆಯಿಂದ ಬಂದ ಹೆಣ್ಣುಮಗಳ ಹೆಸರು ಇಲ್ಲಿನ ಪಟ್ಟಿಯಲ್ಲಿ ತಾನಾಗಿ ಬರುವುದಿಲ್ಲ. ತವರಿಗೆ ಬಂದ ವಾರದಲ್ಲೇ ತಾಯಿ ಕಾರ್ಡ್ ತೋರಿಸಿ ಆಶಾತಾಯಿಗೆ ಹೆಸರು ಹೇಳಿದರೆ, ಚಿಂತೆಯ ಮೂರನೇ ದಿನ ತಿಳಿದವರೊಬ್ಬರು ಮನೆಗೆ ಬರುತ್ತಾರೆ.

ಕನ್ನಡ ಹಳ್ಳಿಗಳಿಗೆ ಹಂಚುವ ಕಾಗದದಲ್ಲಿ ಮರಾಠಿ ಸಾಲಿನ ಕೆಳಗೆ ‘ಗಿಣ್ಣದ ಹಾಲ ಚೆಲ್ಲಬ್ಯಾಡ್ರಿ’ ಎಂದು ಕನ್ನಡದಲ್ಲೂ ಒಂದು ಸಾಲು ಸೇರಿಸಿದರೆ ಆರೋಗ್ಯ ಇಲಾಖೆಗೆ ಹೊರೆಯಾಗದು. ಓದಬೇಕಾದ ಅಜ್ಜಿಯ ಕೈಗೆ ಮಾತು ನೇರ ತಲುಪುತ್ತದೆ.

ತಡ ಮಾಡದೆ ದವಾಖಾನೆಗೆ ಒಯ್ಯಿರಿ

* ಕೂಸು ಹಾಲು ಕುಡಿಯುವುದನ್ನೇ ಬಿಟ್ಟರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ
* ಬಾಯಿ ಒಣಗಿ, ಮೂತ್ರ ತೀರ ಕಡಿಮೆಯಾದರೆ
* ಹುಟ್ಟಿದ 24 ತಾಸಿನೊಳಗೆ ಮೈ ಹಳದಿಯಾದರೆ, ಯಾವಾಗಲೇ ಆಗಲಿ ಅಂಗೈ, ಅಂಗಾಲಿನವರೆಗೆ ಹಳದಿ ಇಳಿದರೆ
* ಮೈ ಸುಡುತ್ತಿದ್ದರೆ ಅಥವಾ ತಣ್ಣಗಾದರೆ
* ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಎದೆ ಒಳಸೆಳೆತ, ಝಟಕಿ ಬಂದರೆ

ಗಡಿಯ ಎರಡೂ ಕಡೆ 108ಕ್ಕೆ ಕರೆ ಮಾಡಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ನವಜಾತ ಶಿಶುವಿನ ಚಿಕಿತ್ಸೆ, ಔಷಧ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ.